ಕಣ್ಣು ಬಂದಿದೆ, ನೋಟ ಬರಬೇಕು

ಮಾರ್ಚ್ ೪

ಅಕ್ಕಾ,

ಎಂಟು ವರ್ಷದ ಮೇಲೆ ನನ್ನ ಅಕ್ಷರ ನೋಡಿ ನಿನ್ನ ಎದೆ ಧಸಕ್ಕೆಂದಿರಬೇಕು. ಹೆದರಬೇಡ. ಸತ್ತಿಲ್ಲ, ಜೈಲಿನಲ್ಲಿಲ್ಲ, ಏನನ್ನೂ ಕೇಳುವುದಕ್ಕೂ ಬರೆಯುತ್ತಿಲ್ಲ. ಒಂದು ಸುದ್ದಿಯಿದೆ, ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿಲ್ಲ. ನನಗೆ ಪಾಪದಿಂದ ರಕ್ಷಣೆಯಾಯಿತು! ಕಳೆದ ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ. ನಗಬೇಡ. ನೀನು ನಗುತ್ತಿದ್ದೀಯ ಅಂತ ಇಲ್ಲಿಂದಲೇ ಗೊತ್ತಾಗುತ್ತಿದೆ.

ನಾನು ಬಂದರಿನಲ್ಲಿ ಕ್ರೇನ್ ಓಡಿಸುತ್ತೇನೆ. ಹದಿಮೂರು ಮಹಡಿಯಷ್ಟು ಎತ್ತರದಲ್ಲಿ ಒಂದು ಗಾಜಿನ ಗೂಡು, ಕಾಲ ಕೆಳಗೂ ಗಾಜು. ಅಲ್ಲಿಂದ ದೋಣಿಗಳು ಬಿಟ್ಟುಹೋದ ಚಪ್ಪಲಿಗಳ ಹಾಗೆ ಕಾಣುತ್ತವೆ. ಅವತ್ತು ನನ್ನ ಚಹಾದ ಫ್ಲಾಸ್ಕಿನಲ್ಲಿದ್ದದ್ದು ಚಹಾ ಅಲ್ಲ. ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಕಂಟೇನರ್ ಇಳಿಸುವಾಗ ಕೈ ಒಂದು ಗಳಿಗೆ ಮೈಮರೆಯಿತು. ಮನೆಯಷ್ಟು ದೊಡ್ಡ ಪೆಟ್ಟಿಗೆ ಅತ್ತಿತ್ತ ತೂಗಾಡಿ ದಢಾರನೆ ನೆಲಕ್ಕೆ ಬಡಿಯಿತು. ಕೆಳಗೆ ನಿಂತು ನನಗೆ ಸನ್ನೆ ಕೊಡುವ ಬಾವುಟದವನು ಅಲ್ಲಿಂದ ಒಂದೇ ಒಂದು ಮಾರು ದೂರದಲ್ಲಿದ್ದ. ಧೂಳೆದ್ದಿತು, ಅವನು ಕಾಣಲಿಲ್ಲ. ಅಕ್ಕ, ಆ ಧೂಳಿನಲ್ಲಿ ನನಗೆ ಅಪ್ಪನ ಕೈ ಕಂಡಿತು.

ಆಮೇಲೆ ವೈರ್‌ಲೆಸ್ಸಿನಲ್ಲಿ ಅವನ ದನಿ ಬಂತು. ಬೈಗುಳಕ್ಕೆ ಕಾದಿದ್ದೆ. ಅವನು ಕೆಮ್ಮುತ್ತಾ ಕೇಳಿದ್ದು ಇಷ್ಟೇ: "ಮೇಲೆ ನಿನಗೇನೂ ಆಗಿಲ್ಲ ತಾನೇ?"

ನನಗೆ! ಸಾಯಬೇಕಿದ್ದವನು ಕೊಲ್ಲಬೇಕಿದ್ದವನ ಕ್ಷೇಮ ವಿಚಾರಿಸುತ್ತಾನೆ! ಶಿಲುಬೆಯ ಕಥೆಯನ್ನು ನೀನು ನನಗೆ ಎಷ್ಟು ಸಲ ಹೇಳಿದ್ದೀಯ, ಅಕ್ಕ. ಕಿವಿಯಲ್ಲಿತ್ತು. ಅವತ್ತು ಒಳಗೆ ಇಳಿಯಿತು. ಕಟ್ಟೆ ಒಡೆದ ಹಾಗೆ ಅತ್ತೆ. ನೀನು ಕಿವಿ ಹಿಂಡಿ ಕಲಿಸಿದ ಪ್ರಾರ್ಥನೆಗಳಲ್ಲಿ ಒಂದೂ ನೆನಪಾಗಲಿಲ್ಲ. "ಯೇಸುವೇ, ನನ್ನ ಕೈಲಾಗಲ್ಲ, ನೀನೇ ಹಿಡ್ಕೋ" ಅಂದೆ. ಹಿಡಿದುಕೊಂಡ! ಎದುರಿನ ಗಡಿಯಾರದಲ್ಲಿ ಹನ್ನೊಂದು ಹತ್ತು. ಫ್ಲಾಸ್ಕಿನಲ್ಲಿದ್ದದ್ದನ್ನು ಅಲ್ಲೇ ಚೆಲ್ಲಿಬಿಟ್ಟೆ. ಅವತ್ತಿನಿಂದ ಒಂದು ತೊಟ್ಟೂ ಮುಟ್ಟಿಲ್ಲ.

ಅಕ್ಕ, ನಿನಗೆ ರಕ್ಷಣೆಯಾದದ್ದು ಯಾವ ತಾರೀಖು? ಬೇಗ ಬರಿ!

ಹೊಸ ಮನುಷ್ಯನಾದ
ನಿನ್ನ ತಮ್ಮ


ಮಾರ್ಚ್ ೧೫

ತಮ್ಮನಿಗೆ,

ನಗಲಿಲ್ಲ. ರೋಗಿಗಳ ಕಣ್ಣಿಗೆ ಔಷಧದ ಹನಿ ಹಾಕುವ ಸರದಿಯ ನಡುವೆ, ವಾರ್ಡಿನ ಕಿಟಕಿಯ ಹತ್ತಿರ ನಿಂತುಕೊಂಡೇ ಓದಿದೆ. ಬದುಕಿದ್ದೀಯಲ್ಲ ಎಂದು ಮೊದಲು ಜೀವ ಬಂತು. ಆಮೇಲೆ ಸಿಟ್ಟು ಬಂತು. ಇಬ್ಬರಿಗೆ ಹನಿ ಹಾಕಿದೆನೋ ಇಲ್ಲವೋ ಎಂದು ಮತ್ತೆ ಹೋಗಿ ಕೇಳಬೇಕಾಯಿತು.

ಅಪ್ಪನ ಕೈ ಧೂಳಿನಲ್ಲಿ ಕಂಡಿತು ಎಂದು ಬರೆದಿದ್ದೀಯ. ನನಗೆ ದಿನಾ ಊಟದ ತಟ್ಟೆಯ ಪಕ್ಕದಲ್ಲೇ ಕಾಣುತ್ತದೆ. "ಬೇಡ ಮಗನೇ, ನಡ್ಕೊಂಡೇ ಹೋಗೋಣ" ಎಂದು ಅವರು ಹೇಳುತ್ತಿದ್ದರೂ ಕುಡಿದು ವ್ಯಾನು ಹತ್ತಿಸಿದವನು ನೀನು. ಗೋಡೆಗೆ ಗುದ್ದಿದವನೂ ನೀನು, ಮೂರನೇ ದಿನ ಓಡಿಹೋದವನೂ ನೀನು. ದರ್ಜಿಯ ಬಲಗೈಯಲ್ಲಿ ಎರಡು ಬೆರಳು ಮಡಚದಿದ್ದರೆ ಕತ್ತರಿ ಹಿಡಿಯಲಾಗುವುದಿಲ್ಲ. ಈಗ ಎಡಗೈಯಲ್ಲಿ ಗುಂಡಿ ಹಾಕಿಕೊಡುತ್ತಾರೆ, ಅಷ್ಟೇ. ಐವತ್ತು ವರ್ಷದಿಂದ ಬೆಳಗಿನ ಪ್ರಾರ್ಥನೆ ತಪ್ಪಿಸದ ಮನುಷ್ಯ ಅವರು. ನಿನಗೆ ಒಂದು ನಿಮಿಷದಲ್ಲಿ ಎಲ್ಲ ಆಗಿಹೋಯಿತೋ? ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ. ನಿಮಿಷದಲ್ಲಿ ಆಗುವುದು ಒಡೆಯುವ ಕೆಲಸ ಮಾತ್ರ ಎಂದು ನಾನು ತಿಳಿದಿದ್ದೇನೆ.

ನನ್ನ ತಾರೀಖು ಕೇಳಿದೆ. ನನಗೆ ಹಲ್ಲು ಬಂದ ತಾರೀಖೂ ಗೊತ್ತಿಲ್ಲ, ಆದರೂ ಅಗಿಯುತ್ತಿದ್ದೇನೆ.

ಅಪ್ಪನಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಆರು ತಿಂಗಳು ಹೋಗಲಿ, ನೋಡೋಣ. ಹೊಟ್ಟೆಗೆ ಸರಿಯಾಗಿ ತಿನ್ನು.

ಅಕ್ಕ


ಮಾರ್ಚ್ ೨೪

ಅಕ್ಕಾ,

ಹಲ್ಲಿನ ಮಾತಿಗೆ ಬಿದ್ದು ಬಿದ್ದು ನಕ್ಕೆ! ಬಾವುಟದವನಿಗೂ ಓದಿ ಹೇಳಿದೆ. "ನಿಮ್ಮಕ್ಕ ಗಟ್ಟಿಗಿತ್ತಿ ಕಣಯ್ಯ" ಅಂದ. ನನಗಿಂತ ಹತ್ತು ವರ್ಷ ದೊಡ್ಡವನು, ಮಾತು ಕಡಿಮೆ. ದೊಣ್ಣೆಯ ವಿಚಾರಕ್ಕೆ ನನ್ನ ಉತ್ತರ ಇದು: ಆ ಮಡಕೆಯಲ್ಲಿ ತುಂಬಿದ್ದು ಹೆಂಡ, ಅಕ್ಕ. ದೊಣ್ಣೆಯೇ ಬೇಕಿತ್ತು!

ಇನ್ನೊಂದು ಕೇಳು. ಸೋಮವಾರ ಮೇಲ್ವಿಚಾರಕರ ಕೋಣೆಗೆ ಹೋಗಿ, ಆ ಕಂಟೇನರ್ ಬಿದ್ದ ದಿನ ಕುಡಿದಿದ್ದೆ ಎಂದು ಹೇಳಿಬಿಟ್ಟೆ. ಅವರು ಕನ್ನಡಕ ತೆಗೆದು ನೋಡಿದರು.

"ಯಾರೂ ಕೇಳ್ಲಿಲ್ವಲ್ಲಯ್ಯ. ನೀನಾಗೇ ಬಂದು ಯಾಕೆ ಹೇಳ್ತಿದೀಯ?"

"ಹೇಳದೆ ಹೋದ್ರೆ ನಾಳೆ ಮತ್ತೆ ಮೇಲೆ ಹತ್ತಬೇಕಾಗುತ್ತೆ, ಸಾರ್. ಆ ಸುಳ್ಳನ್ನ ಹೊತ್ತುಕೊಂಡು ಹತ್ತೋಕಾಗಲ್ಲ."

ಕ್ರೇನ್ ಹೋಯಿತು. ಈಗ ನೆಲದ ಮೇಲೆ, ಕೈಯಲ್ಲಿ ತಂತಿಯ ಬ್ರಷ್ಷು. ಲಂಗರಿನ ಸರಪಳಿಗಳ ತುಕ್ಕು ಉಜ್ಜುತ್ತೇನೆ. ಒಂದೊಂದು ಕೊಂಡಿಯೂ ನನ್ನ ಸೊಂಟದಷ್ಟು ದಪ್ಪ. ಸಂಜೆ ಮೂಗು ಸೀನಿದರೆ ಕೆಂಪು ಬರುತ್ತದೆ. ಆದರೂ ಸೀಟಿ ಹೊಡೆಯುತ್ತಾ ಉಜ್ಜುತ್ತೇನೆ!

ಸೈಕಲ್ ಅಂಗಡಿಯ ಮಹಡಿಯ ಮೇಲೆ ಒಂದು ಪ್ರಾರ್ಥನಾ ಸಭೆ ಸೇರುತ್ತದೆ, ಮೂವತ್ತು ಕುರ್ಚಿ. ಬೋಧಿಸುವವರು ವಾರವೆಲ್ಲ ಕ್ಷೌರದಂಗಡಿ ನಡೆಸುತ್ತಾರೆ. ಪ್ರತಿ ಭಾನುವಾರ ನನ್ನನ್ನು ಮುಂದೆ ನಿಲ್ಲಿಸಿ, ಅವತ್ತು ನನಗಾದದ್ದನ್ನು ಸಾಕ್ಷಿ ಹೇಳಿಸುತ್ತಾರೆ. ನನ್ನ ಗಂಟಲಿಗೆ ಮೈಕು ಬೇಕಿಲ್ಲವಲ್ಲ, "ಗುಡುಗು" ಎಂದು ಹೆಸರಿಟ್ಟಿದ್ದಾರೆ. ಅವರು ಒಂದು ಮಾತು ಹೇಳಿದರು: "ಹುಟ್ಟಿದ ದಿನವೇ ಇಲ್ಲ ಅನ್ನೋನು ಇನ್ನೂ ಹುಟ್ಟಿಲ್ಲ ಅಂತಲೇ ಅರ್ಥ."

ಅದನ್ನು ಕೇಳಿದಾಗಿನಿಂದ ನಿನ್ನದೇ ಯೋಚನೆ. ಅಮ್ಮ ಹೋದಮೇಲೆ ನನ್ನ ಮೂಗು ಒರೆಸಿ ಬೆಳೆಸಿದವಳು ನೀನು. ನೀನು ಒಳ್ಳೆಯವಳು, ಅಕ್ಕ. ಅದೇ ನನಗೆ ಭಯ. ಒಳ್ಳೆಯವರಿಗೆ ಬಾಗಿಲು ತಟ್ಟುವ ಅಭ್ಯಾಸವೇ ಇರುವುದಿಲ್ಲ. ನಿನ್ನ ಕಾಲಿಗೆ ಬೀಳುತ್ತೇನೆ, ಇವತ್ತೇ ಮೊಣಕಾಲೂರು!

ಮೊದಲ ವರ್ಷ ಅಪ್ಪನಿಗೆ ಎರಡು ಕಾಗದ ಬರೆದಿದ್ದೆ. ಉತ್ತರ ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ. ಈಗ ನಾನು ಬೇರೆಯವನು ಎಂದಷ್ಟೇ ಅವರಿಗೆ ಹೇಳು, ಸಾಕು.

ಗುಡುಗು


ಏಪ್ರಿಲ್ ೯

ತಮ್ಮನಿಗೆ,

ನನ್ನ ಆತ್ಮದ ಚಿಂತೆ ನಿನಗೂ ಬೇಡ, ನಿಮ್ಮ ಕ್ಷೌರದಂಗಡಿಯವರಿಗೂ ಬೇಡ.

ಆದರೂ ನೀನು ಕಿವಿಯಲ್ಲಿ ಹುಳ ಬಿಟ್ಟೆ. ಭಾನುವಾರದ ಶಾಲೆಯಲ್ಲಿ ಮಕ್ಕಳನ್ನೇ ಕೇಳಿದೆ, ದೇವರ ಮನೆಯೊಳಗೆ ನೀವು ಯಾವತ್ತು ಬಂದಿರಿ ಎಂದು. ಏಳು ವರ್ಷದ ಒಬ್ಬಳು ಎದ್ದು ನಿಂತು, "ಟೀಚರ್, ನಾನು ಹೊರಗೆ ಹೋಗೇ ಇಲ್ವಲ್ಲ, ಒಳಗೆ ಹೇಗೆ ಬರೋದು?" ಅಂದಳು. ಚಪ್ಪಾಳೆ ಹೊಡೆಯಬೇಕು ಅನ್ನಿಸಿತು. ತಮ್ಮನಿಗೆ ಬರೆಯಲು ಒಳ್ಳೆಯ ಉತ್ತರ ಸಿಕ್ಕಿತು ಎಂದುಕೊಂಡು ಬೀಗುತ್ತಾ ಹೊರಟೆ.

ಮನೆಯ ಬಾಗಿಲು ತಲುಪುವಷ್ಟರಲ್ಲಿ ಆ ಖುಷಿ ಹೋಗಿತ್ತು. ಆ ಮಗುವಿಗೆ ಸಲ್ಲುವ ಮಾತು ನನಗೆ ಸಲ್ಲುತ್ತದೆಯೋ ಗೊತ್ತಾಗಲಿಲ್ಲ. ಯಾಕೆಂದು ಬರೆಯಲಾರೆ. ಸ್ವಲ್ಪ ದಿನ ನೀನೂ ಬರೆಯಬೇಡ.

ಅಕ್ಕ


ಜೂನ್ ೨

ಅಕ್ಕ,

ಬರೆಯಬೇಡ ಅಂದಿದ್ದೆ. ಆದರೂ ಬರೆಯುತ್ತಿದ್ದೇನೆ. ಬಿದ್ದೆ.

ಪ್ರತಿ ಭಾನುವಾರ ಅದೇ ಕಥೆ ಹೇಳುತ್ತಿದ್ದೆ. ಹೇಳುತ್ತಾ ಹೇಳುತ್ತಾ ಕಂಟೇನರ್ ದೊಡ್ಡದಾಯಿತು, ಧೂಳು ಹೆಚ್ಚಾಯಿತು, ಒಂದು ಮಾರು ಒಂದು ಗೇಣಾಯಿತು. ಹೋದ ಭಾನುವಾರ ಎಲ್ಲರೂ ಕಣ್ಣೀರು ಹಾಕಿದರು. ನನಗೆ ಮಾತ್ರ ಏನೂ ಅನ್ನಿಸಲಿಲ್ಲ. ಖಾಲಿ ಡಬ್ಬದ ಹಾಗೆ ಕೆಳಗಿಳಿದು ಬಂದೆ. ಸೋಮವಾರ ತುಕ್ಕು ಉಜ್ಜುವಾಗ ಹೊಸ ಕ್ರೇನಿನವನು ಮೇಲಿನಿಂದ ಕೈಬೀಸಿದ. ಸಂಜೆ ಕುಡಿದೆ. ಎರಡು ದಿನ ಕುಡಿದೆ.

ಬೋಧಿಸುವವರ ಹತ್ತಿರ ಹೋದೆ. ಕತ್ತರಿ ಆಡಿಸುತ್ತಲೇ ಇದ್ದರು, ಕನ್ನಡಿಯಲ್ಲಿ ನನ್ನನ್ನು ನೋಡಿ "ಹಾಗಾದ್ರೆ ಅವತ್ತು ಆಗಿದ್ದು ನಿಜವಾದದ್ದಲ್ವೇನೋ" ಅಂದರು. ಕೆಟ್ಟ ಮನುಷ್ಯರಲ್ಲ. ಅವರಿಗೂ ಸಂಕಟವಾದ ಹಾಗಿತ್ತು.

ಬಾವುಟದವನು ನನ್ನ ಕೋಣೆಗೆ ಬಂದು ಕೂತಿದ್ದಾನೆ. ನನ್ನ ಅಂಗಿ ಒಗೆದು ಹಾಕಿದ. ಅಕ್ಕ, ಒಂದು ನಿಮಿಷದಲ್ಲಿ ಬಂದದ್ದು ಒಂದು ನಿಮಿಷದಲ್ಲಿ ಹೋಯಿತು. ನೀನು ಹೇಳಿದ್ದೇ ಸರಿ. ಅಪ್ಪನಿಗೆ ಹೇಳದೆ ಇದ್ದದ್ದು ಒಳ್ಳೆಯದಾಯಿತು.

ತಮ್ಮ


ಜೂನ್ ೬

ನನ್ನ ಪುಟ್ಟ ತಮ್ಮಾ,

ಇಲ್ಲ! ನಾನು ಹೇಳಿದ್ದು ಸರಿಯಲ್ಲ, ನೀನು ಈಗ ಹೇಳುತ್ತಿರುವುದೂ ಸರಿಯಲ್ಲ! ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು. ಈ ವಾರ ನಮ್ಮ ವಾರ್ಡಿನಲ್ಲಿ ನಡೆದದ್ದನ್ನು ಹೇಳಲೇಬೇಕು.

ಒಬ್ಬ ಹೆಂಗಸು, ಬುಟ್ಟಿ ಹೆಣೆಯುವವಳು, ಮೂವತ್ತೊಂದು ವರ್ಷ. ನಾಲ್ಕನೇ ವಯಸ್ಸಿನಿಂದ ಕಣ್ಣಿಲ್ಲ. ಶಸ್ತ್ರಚಿಕಿತ್ಸೆಯಾಗಿತ್ತು. ಸೋಮವಾರ ನಾನೇ ಪಟ್ಟಿ ಬಿಚ್ಚಿದೆ. ಕೊನೆಯ ಸುತ್ತು ಹೋದದ್ದೇ ತಡ, "ಬೆಳಕು! ಬೆಳಕು!" ಎಂದು ಕೂಗಿದಳು. ಇಡೀ ವಾರ್ಡು ಎದ್ದು ಕೂತಿತು. ನನ್ನ ಮುಖ ಹಿಡಿದುಕೊಂಡು ನಕ್ಕಳು. ಅದು ನಿನ್ನ ಹನ್ನೊಂದು ಹತ್ತು.

ಮಂಗಳವಾರ ಹೋದರೆ ಗೋಡೆಗೆ ತಿರುಗಿ ಅಳುತ್ತಿದ್ದಾಳೆ. ಲೋಟ ಯಾವುದು, ಲೋಟದ ನೆರಳು ಯಾವುದು ಗೊತ್ತಾಗುತ್ತಿಲ್ಲ. ತಂಗಿಯ ಮುಖ ನೋಡಿದರೆ ಗುರುತಿಲ್ಲ, ದನಿ ಕೇಳಿದರೆ ಮಾತ್ರ ಗುರುತು. ಕೆಳಗಿನ ಅಂಗಳಕ್ಕೆ ಕರೆದುಕೊಂಡು ಹೊರಟೆ. ಮೆಟ್ಟಿಲ ಹತ್ತಿರ ಬಂದವಳೇ ಬೆವರಿದಳು. ಆಮೇಲೆ ಏನು ಮಾಡಿದಳು ಗೊತ್ತೇ? ಕಣ್ಣು ಮುಚ್ಚಿಕೊಂಡಳು! ಮುಚ್ಚಿಕೊಂಡು, ಗೋಡೆ ಸವರುತ್ತಾ ಸರಸರನೆ ಇಳಿದಳು. "ಅಕ್ಕಾವ್ರೇ, ನಂಗೆ ಕಣ್ಣೇ ಬಂದಿಲ್ಲ ಅನ್ಸುತ್ತೆ" ಎಂದು ಅತ್ತಳು. ಡಾಕ್ಟರಮ್ಮ ಅವಳ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತು ಹೇಳಿದರು: "ಕಣ್ಣು ಬಂದಿದೆ ಕಣಮ್ಮ. ನೋಟ ಬರಬೇಕು. ಅದಕ್ಕೆ ದಿನ ಹಿಡಿಯುತ್ತೆ."

ಇಪ್ಪತ್ತಾರು ವರ್ಷ ಇದೇ ಕೆಲಸ ಮಾಡಿದವಳು ನಾನು. ಆ ಮಾತು ಮೊನ್ನೆ ಮೊದಲ ಸಲ ಕೇಳಿಸಿತು. ಮರುದಿನವೇ ನಿನ್ನ ಕಾಗದ ಬಂತು. ಬೈಬಲಿನ ಸುವಾರ್ತೆಯಲ್ಲೂ ಅಂಥ ಒಬ್ಬ ಕುರುಡನಿದ್ದಾನಲ್ಲ, ಯೇಸು ಕರ್ತನು ಮೊದಲ ಸಲ ಮುಟ್ಟಿದಾಗ ಮನುಷ್ಯರು ನಡೆದಾಡುವ ಮರಗಳ ಹಾಗೆ ಕಂಡರಂತೆ. ಕರ್ತನು ಅವನನ್ನು "ಹಾಗಾದರೆ ನಿನಗೆ ಆಗಿದ್ದು ಸುಳ್ಳು" ಎಂದು ಕಳಿಸಿಬಿಟ್ಟನೇ? ಇನ್ನೊಂದು ಸಲ ಕೈಯಿಟ್ಟನು! ನೀನು ಮೆಟ್ಟಿಲ ಮುಂದೆ ಹೆದರಿ ಕಣ್ಣು ಮುಚ್ಚಿಕೊಂಡೆ. ಅಷ್ಟೇ ಆದದ್ದು. ತೆರೆ, ಪುಟ್ಟಾ.

ಇನ್ನು ನನ್ನ ವಿಷಯ. ಇದನ್ನು ಬರೆಯದಿದ್ದರೆ ಮೇಲಿನದೆಲ್ಲ ಉಪದೇಶವಾಗುತ್ತದೆ. ನೀನು ಅಪ್ಪನಿಗೆ ಬರೆದ ಎರಡು ಕಾಗದಗಳು ಅವರಿಗೆ ತಲುಪಲೇ ಇಲ್ಲ. ಅಂಚೆಯವನ ಕೈಯಿಂದ ನಾನೇ ತೆಗೆದುಕೊಂಡೆ. ಅಪ್ಪನ ಆರೋಗ್ಯಕ್ಕಾಗಿ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ, ನೀನು ಅಷ್ಟು ಸುಲಭವಾಗಿ ವಾಪಸ್ ಬರಬಾರದು ಎಂದಿತ್ತು. ಉಳಿದುಕೊಂಡವಳು ನಾನು, ನೋಡಿಕೊಂಡವಳು ನಾನು. ತಪ್ಪಿಹೋದ ಮಗನ ಕಥೆಯನ್ನು ಮಕ್ಕಳಿಗೆ ಇಪ್ಪತ್ತೆರಡು ವರ್ಷದಿಂದ ಹೇಳುತ್ತಿದ್ದೇನೆ. ಅದರಲ್ಲಿ, ತಮ್ಮ ಮರಳಿ ಬಂದದ್ದಕ್ಕೆ ಮುನಿದು ಹಬ್ಬದೂಟಕ್ಕೆ ಬರಲ್ಲ ಎಂದು ಹೊರಗೇ ನಿಂತ ದೊಡ್ಡ ಮಗ ನಾನೇ ಎಂದು ಒಂದು ದಿನವೂ ಹೊಳೆಯಲಿಲ್ಲ. ನೀನು ಕುಡಿದು ಬಿದ್ದೆ, ನಾನು ನೆಟ್ಟಗೆ ನಿಂತುಕೊಂಡೇ ಬಿದ್ದಿದ್ದೆ.

ಇವತ್ತು ಸಂಜೆ ಅಪ್ಪನನ್ನು ಕೂರಿಸಿ ಎಲ್ಲ ಹೇಳಿದೆ. ಹಳೆಯ ಎರಡು ಕಾಗದ ಕೈಗೆ ಕೊಟ್ಟೆ, ಹೊಸವನ್ನೆಲ್ಲ ಓದಿದೆ, ನೀನು ಬಿದ್ದದ್ದನ್ನೂ. ಅವರು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಏನಾಗುತ್ತದೋ ಗೊತ್ತಿಲ್ಲ. ನನ್ನನ್ನು ಕ್ಷಮಿಸುತ್ತೀಯಾ?

ನಿನ್ನ ಅಕ್ಕ


ಜೂನ್ ೮

ಮಗನೇ,

ಎಡಗೈ ಬರಹ. ಇರುವೆ ಮಸಿಯಲ್ಲಿ ಬಿದ್ದು ಎದ್ದುಹೋದ ಹಾಗಿದೆ. ಓದಿಕೋ.

ನಿನ್ನ ಎರಡೂ ಕಾಗದ ಎಂಟು ವರ್ಷ ತಡವಾಗಿ ಸಿಕ್ಕವು. ಅಕ್ಕನನ್ನು ಬೈಯಬೇಡ. ಆಗಲೇ ಸಿಕ್ಕಿದ್ದರೆ ಒಲೆಗೆ ಹಾಕುತ್ತಿದ್ದೆ. ಅವಳು ಕಾಪಾಡಿಕೊಟ್ಟಳು ಅಂದುಕೊಂಡಿದ್ದೇನೆ.

ನಿಜ ಹೇಳುತ್ತೇನೆ. ಸಭೆಯಲ್ಲಿ ಪ್ರಾರ್ಥನೆ ಹೇಳುವಾಗ, ತಪ್ಪು ಮಾಡಿದವರನ್ನು ಕ್ಷಮಿಸುವ ಮಾತು ಬರುವ ಸಾಲಿಗೆ ಬಂದಾಗಲೆಲ್ಲ ನನಗೆ ಕೆಮ್ಮು ಬರುತ್ತಿತ್ತು. ಎಂಟು ವರ್ಷ ಕೆಮ್ಮಿದೆ. ಪಕ್ಕದವರು ಔಷಧಿ ಹೇಳಿದರು.

ನಿನಗೆ ರಕ್ಷಣೆಯಾದ ಕಾಗದ ಅವಳು ಓದಿದಾಗ ಹೊಟ್ಟೆ ಉರಿಯಿತು. ಇಷ್ಟು ಸಲೀಸಾ ಅಂತ. ನೀನು ಬಿದ್ದ ಕಾಗದ ಓದಿದಾಗ ಎದ್ದು ಓಡಿ ಬರಬೇಕು ಅನ್ನಿಸಿತು. ಒಳಗೆ ಹೋಗಿ ಚಪ್ಪಲಿ ಹಾಕಿಕೊಂಡೆ. ನೀನಿರುವುದು ರೈಲಿನಲ್ಲಿ ಒಂದು ದಿನದ ದಾರಿ ಅಂತ ಆಮೇಲೆ ನೆನಪಾಯಿತು. ಚಪ್ಪಲಿ ಹಾಕಿಕೊಂಡೇ ಮಂಚದ ಮೇಲೆ ಕೂತು ಅತ್ತೆ. ಎದೆಯೊಳಗಿದ್ದ ಕಲ್ಲು ಇಲ್ಲ. ಹುಡುಕಿದೆ, ಇಲ್ಲ. ಆರೂಮುಕ್ಕಾಲು ಆಗಿತ್ತು. ಎಪ್ಪತ್ತನಾಲ್ಕನೇ ವಯಸ್ಸಿಗೆ ನನಗೂ ಒಂದು ತಾರೀಖು ಸಿಕ್ಕಿತು. ಅಕ್ಕನಿಗೆ ಹೇಳಬೇಡ, ತಾನೊಬ್ಬಳೇ ಉಳಿದೆ ಅಂತ ಬೇಜಾರು ಮಾಡಿಕೊಳ್ಳುತ್ತಾಳೆ.

ಐವತ್ತು ವರ್ಷ ಹೊಲಿದ ಅಂಗಿಗೆ ಅವತ್ತು ಕೊನೆಯ ಗುಂಡಿ ಬಿತ್ತೋ, ಇಲ್ಲ ಅಂಗಿಯೇ ಅವತ್ತು ಸಿಕ್ಕಿತೋ, ನನಗೆ ಗೊತ್ತಿಲ್ಲ. ತೊಟ್ಟುಕೊಂಡಿದ್ದೇನೆ. ಬೆಚ್ಚಗಿದೆ.

ಬಾ.

ಅಪ್ಪ


ಜೂನ್ ೧೭

ಅಕ್ಕಾ! ಅಕ್ಕಾ! ಅಕ್ಕಾ!

ನೀನೂ ಪಾಪಿಯೇ! ನನಗೆ ಎಷ್ಟು ಸಂತೋಷವಾಯಿತು ಗೊತ್ತಾ? ಸಿಟ್ಟೂ ಬಂತು, ಸುಳ್ಳು ಹೇಳುವುದಿಲ್ಲ. ಎಂಟು ವರ್ಷ ಅಪ್ಪ ಬಾಗಿಲು ಹಾಕಿದ್ದಾರೆ ಅಂದುಕೊಂಡಿದ್ದೆ, ನೋಡಿದರೆ ನೀನು ಬಾಗಿಲಿಗೆ ಒರಗಿ ನಿಂತಿದ್ದೀಯ! ಕಾಗದವನ್ನು ಮುದ್ದೆ ಮಾಡಿ ಮೂಲೆಗೆ ಎಸೆದೆ. ಬಾವುಟದವನು ಎತ್ತಿ, ಮಡಿಕೆ ಬಿಡಿಸಿ, "ಇವರ ಮೇಲೆ ಕಂಟೇನರ್ ಏನೂ ಬಿದ್ದಿಲ್ವಲ್ಲಯ್ಯ. ಆದ್ರೂ ಒಪ್ಕೊಂಡಿದಾರೆ" ಅಂದ. ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ಸಿಟ್ಟು ಇಳಿಯಿತು. ಕ್ಷಮಿಸಿದೆ, ಅಕ್ಕ. ಕ್ಷಮಿಸುವುದು ಹೇಗಿರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ, ಬರೀ ಕ್ಷಮೆ ಕೇಳಿಯೇ ಅಭ್ಯಾಸ!

ಆ ಬುಟ್ಟಿ ಹೆಣೆಯುವವಳ ಕಥೆಯನ್ನು ಸಭೆಯಲ್ಲಿ ಓದಿದೆ, ಒಂದಿಷ್ಟೂ ಉಪ್ಪುಖಾರ ಸೇರಿಸದೆ. ಬೋಧಿಸುವವರು "ನಾನೇ ಆತುರಪಟ್ಟೆ" ಎಂದು ಎಲ್ಲರ ಮುಂದೆ ನನ್ನ ಕೈ ಹಿಡಿದರು. ಈಗ ಅವರು, ಬಾವುಟದವನು, ನಾನು ದಿನಾ ಸಂಜೆ ಸೇರುತ್ತೇವೆ. ಹೆಂಡ ಮುಟ್ಟದೆ ಹದಿನೈದು ದಿನವಾಯಿತು. ಯೇಸು ದಿನಾ ಬೆಳಿಗ್ಗೆ ಹೊಸದಾಗಿ ಕೈ ಹಿಡಿಯಬೇಕು. ಹಿಡಿಯುವವನು ಹಳಬನೇ.

ಮುಂದಿನ ತಿಂಗಳ ಎರಡನೇ ಶನಿವಾರ, ಮಧ್ಯಾಹ್ನದ ರೈಲು. ಅಪ್ಪನ ಮುಂದೆ ಹೇಗೆ ನಿಲ್ಲಲಿ? ಬರುತ್ತಿದ್ದೇನೆ!

ನಿನ್ನ ತಮ್ಮ


ಜುಲೈ ೧೭

ಬಂದರಿನ ಅಣ್ಣನವರಿಗೆ ನಮಸ್ಕಾರ.

ನಾವು ಒಬ್ಬರನ್ನೊಬ್ಬರು ನೋಡಿಲ್ಲ. ಆದರೂ ನನ್ನ ಕಾಗದವನ್ನು ಮೂಲೆಯಿಂದ ಎತ್ತಿ ಮಡಿಕೆ ಬಿಡಿಸಿದವರು ನೀವು. ನಿಮ್ಮ ಪಾಳಿ ಇದ್ದುದರಿಂದ ಬರಲಾಗಲಿಲ್ಲ, ಏನೇನಾಯಿತೆಂದು ತಿಳಿಯಲು ಕಾಯುತ್ತಿರುತ್ತೀರಿ ಎಂದು ತಮ್ಮ ಹೇಳಿದ. ಅವನ ಬಾಯಲ್ಲಿ ಕೇಳಿದರೆ ಕಂಟೇನರ್ ಮತ್ತೆ ದೊಡ್ಡದಾದೀತು, ಅದಕ್ಕೆ ನಾನೇ ಬರೆಯುತ್ತಿದ್ದೇನೆ.

ರೈಲು ಬರುವ ಒಂದು ಗಂಟೆ ಮೊದಲೇ ಅಪ್ಪ ಪ್ಲಾಟ್‌ಫಾರ್ಮಿನಲ್ಲಿದ್ದರು. ಅವನು ಇಳಿದು, ಹತ್ತು ಹೆಜ್ಜೆ ದೂರದಲ್ಲಿ ತಲೆ ತಗ್ಗಿಸಿ ನಿಂತುಬಿಟ್ಟ. ಅಪ್ಪನೇ ನಡೆದು ಹೋದರು. "ಬ್ಯಾಗ್ ಕೊಡು" ಅಂದರು. ಬಲಗೈ ಚಾಚಿದ್ದರು.

"ಅಪ್ಪಾ, ಆ ಕೈಲಿ ಬೇಡ."

"ಈ ಕೈಲೇ ಹಿಡೀತೀನಿ. ಕೊಡೋ."

ಮಡಚುವ ಮೂರೇ ಬೆರಳಿನಲ್ಲಿ ಹಿಡಿದುಕೊಂಡರು. ಅವನು ಅಲ್ಲೇ, ಅಷ್ಟು ಜನರ ನಡುವೆ, ಆ ಕೈಗೆ ಹಣೆಯಿಟ್ಟು ಅತ್ತ. ಗುಡುಗು ಎಂಬ ಹೆಸರು ಯಾಕೆ ಬಂತೆಂದು ನಿಲ್ದಾಣಕ್ಕೆಲ್ಲ ಗೊತ್ತಾಯಿತು.

ಭಾನುವಾರ ನಮ್ಮ ಸಭೆಯ ಪಾದ್ರಿ ಅಯ್ಯನವರು ಅವನನ್ನು ಸಾಕ್ಷಿ ಹೇಳಲು ಕರೆದರು. ದಾರಿಯುದ್ದಕ್ಕೂ ನಾಲ್ಕು ಹಾಳೆ ಬರೆದುಕೊಂಡು ಬಂದಿದ್ದ. ಎದ್ದು ನಿಂತ, ಹಾಳೆ ಬಿಡಿಸಿದ. ಹಾಳೆಗಳನ್ನು ಮಡಚಿಟ್ಟು, ಮುಂದಿನ ಬೆಂಚಿನಲ್ಲಿದ್ದ ಅಪ್ಪನ ಕಡೆ ಕೈ ತೋರಿಸಿ, "ನಾನು ಇವರ ಮಗ" ಅಂದ. ಬಂದು ಕೂತುಕೊಂಡ. ಅಷ್ಟೇ ಸಾಕ್ಷಿ. ಹಿಂದೆಯೇ ಎಲ್ಲರೂ ಸೇರಿ ಪ್ರಾರ್ಥನೆ ಹೇಳಿದೆವು. ಅಪ್ಪ ಒಂದು ಸಲವೂ ಕೆಮ್ಮಲಿಲ್ಲ. ನಾನೇ ಒಂದು ಸಾಲಿನಲ್ಲಿ ಬಿಕ್ಕಿದೆ. ಈ ಬದಲಾವಣೆ ನನ್ನೊಳಗೆ ಯಾವಾಗ ಶುರುವಾಯಿತೆಂದು ಕೇಳಿದರೆ ಹೇಳಲಾರೆ. ನನಗೆ ತಾರೀಖು ಕೊಡಬಾರದು ಎಂದು ದೇವರು ಹಟ ಹಿಡಿದಿರಬೇಕು. ಹಾಗೇ ಇರಲಿ.

ಮನೆಗೆ ನಡೆದುಕೊಂಡೇ ಹೊರಟೆವು. ಅಪ್ಪ ನಿಧಾನ, ಮಂಡಿ ನೋವು. ನಾನು ಅವರ ತೋಳು ಹಿಡಿದಿದ್ದೆ. ನಿಮ್ಮ ಸ್ನೇಹಿತನಿಗೆ ನಿಧಾನ ಎಲ್ಲಿಂದ ಬರಬೇಕು! ಮುಂದೆ ಓಡುತ್ತಾನೆ, ತಿರುವಿನಲ್ಲಿ ನಿಲ್ಲುತ್ತಾನೆ, ವಾಪಸ್ ಬರುತ್ತಾನೆ, ಮತ್ತೆ ಓಡುತ್ತಾನೆ. ನಾವು ಒಂದು ಸಲ ನಡೆದ ದಾರಿಯನ್ನು ಅವನು ಮೂರು ಸಲ ನಡೆದ. ಅಪ್ಪ ನಗುತ್ತಾ ಬೀಗದ ಕೈ ಎಸೆದರು. "ನೀನು ಹೋಗಿ ಬಾಗಿಲು ತೆಗಿಯೋ. ನಾವು ಬರ್ತಾ ಇದೀವಿ."

ಅವನು ಓಡಿದ. ನಾವು ತಲುಪುವ ಹೊತ್ತಿಗೆ ಬಾಗಿಲು ಮಾತ್ರವಲ್ಲ, ಮನೆಯ ಕಿಟಕಿಗಳೆಲ್ಲ ತೆರೆದಿದ್ದವು.

ನಿಮ್ಮ ತಂಗಿಯಂಥವಳು,
ಗುಡುಗಿನ ಅಕ್ಕ